ದನದ ಗೋದಲಿಗೆ ಹಾಯಿ ಕಟ್ಟಿದ್ದು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಹೊನ್ನಾಳಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರದಲ್ಲಿ ಟೀಚರಾಗಿದ್ದೆ. ನಮ್ಮ ಮನೆಯವರು ಚನ್ನಗಿರಿ ತಾಲ್ಲೂಕಿನ ಒಂದು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಳ್ಳಿಯವರ ಬಾಯಲ್ಲಿ ಮಾತ್ರ ಡಾಕ್ಟ್ರು. ಮದುವೆಯಾಗಿ ವರ್ಷ ದಾಟಿದ್ದರೂ ನಮ್ಮದು ವಾರಕ್ಕೊಮ್ಮೆಯ ಸಂಸಾರ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಬರುವಾಗ ಹೂವು ತರುವುದು ಮರೆತರೂ ಯಾವುದಾದರೊಂದು ದನದ ಕತೆ ತರುವುದನ್ನು ಮರೆಯುತ್ತಿರಲಿಲ್ಲ.

ಒಂದು ಶನಿವಾರ ಬಂದವರೇ, ಕೈಕಾಲು ಕೂಡ ತೊಳೆಯದೆ, ಜೇಬಿನಿಂದ ಒಂದು ಮೊಳೆ ತೆಗೆದು ನನ್ನ ಹೊಲಿಗೆ ಯಂತ್ರದ ಮೇಲಿಟ್ಟರು. ಹಸಿರು ಕಿಲುಬು ಹಿಡಿದ ತಾಮ್ರದ ಮೊಳೆ. ಕತ್ತಲಗೆರೆಯ ರೈತರೊಬ್ಬರ ಹಸುವಿನ ತುಟಿ ಪದೇ ಪದೇ ಹರಿಯುತ್ತಿತ್ತಂತೆ. ಮುಲಾಮು ಹಚ್ಚಿ ವಾಸಿಮಾಡಿ ಬಂದರೆ ಮತ್ತೆ ಅದೇ ಜಾಗದಲ್ಲಿ ಗಾಯ. ಈ ಸಲ ಇವರು ಹಸುವನ್ನು ಬಿಟ್ಟು ಅದು ಮೇವು ತಿನ್ನುವ ಗೋದಲಿಯೊಳಗೇ ಕೈಯಾಡಿಸಿದ್ದಾರೆ. ಬೆರಳಿಗೆ ಈ ಮೊಳೆ ಚುಚ್ಚಿದೆ.

"ಗೋದಲಿಗೆ ಯಾರಾದ್ರೂ ತಾಮ್ರದ ಮೊಳೆ ಹೊಡೀತಾರಾ?" ಎಂದು ಕೇಳಿದರು.

ನನಗೇನು ಗೊತ್ತು. ಅವರಿಗೂ ಗೊತ್ತಿರಲಿಲ್ಲ, ಆದರೆ ಅನುಮಾನ ಬಂದಿತ್ತು. ಮೇವೆಲ್ಲ ತೆಗೆಸಿ ನೋಡಿದ್ದಾರೆ. ಗೋದಲಿಯ ಒಂದು ತುದಿ ಚೂಪು, ಇನ್ನೊಂದು ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಒಳಗೆ ಪಕ್ಕೆಲುಬಿನಂತೆ ಬಾಗಿದ ಪಟ್ಟಿಗಳು. ಎಲ್ಲ ತೇಗ. ತಳದ ನಡುವೆ ಉದ್ದಕ್ಕೆ ಒಂದು ಸೀಳು, ಅದಕ್ಕೆ ಗೋಣಿಚೀಲದ ಚೂರು ಮತ್ತು ಮಣ್ಣು ತುರುಕಿತ್ತು. ರೈತರನ್ನು ಕೇಳಿದರೆ ಅವರು ನಗುತ್ತಾ, ಅದು ಹಿಂದೆ ಸೂಳೆಕೆರೆಯ ದಡದ ಬಂಗಲೆಯಲ್ಲಿದ್ದ ಎಂಜಿನಿಯರರ ದೋಣಿ ಎಂದರು. ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆಂದೇ ತಾಮ್ರದ ಮೊಳೆ. ಆ ಎಂಜಿನಿಯರರು ಊರು ಬಿಟ್ಟು ಹೋಗುವಾಗ ಸಾಮಾನೆಲ್ಲ ಮಾರಿದರಂತೆ, ಇವರ ಅಪ್ಪ ಅದನ್ನು ದನಕ್ಕೆ ಆಗುತ್ತದೆಂದು ತಂದರಂತೆ. ಅಪ್ಪನ ಹೆಗಲ ಮೇಲೆ ಕೂತು, ಆ ದೋಣಿ ಬಿಳೀ ಬಟ್ಟೆ ಏರಿಸಿಕೊಂಡು ಕೆರೆಯ ಮೇಲೆ ಹೋಗುತ್ತಿದ್ದುದನ್ನು ರೈತರು ಕಣ್ಣಾರೆ ಕಂಡಿದ್ದರು. ಯಾರೂ ಹುಟ್ಟು ಹಾಕುತ್ತಿರಲಿಲ್ಲವಂತೆ. ಬಟ್ಟೆಯ ಆಕಾರ ಕೇಳಿದ್ದಕ್ಕೆ ಮೂರು ಮೂಲೆ ಎಂದರು. ಕಂಬ ಎಲ್ಲಿ ಎಂದಿದ್ದಕ್ಕೆ ಕೊಟ್ಟಿಗೆಯ ಮಾಡಿನ ಕಡೆ ಕೈ ತೋರಿಸಿದರು. ಅದು ಯಾವಾಗಲೋ ಅಡ್ಡತೊಲೆಯಾಗಿಹೋಗಿತ್ತು.

ನಮ್ಮ ಮನೆಯವರು ಜಗಳೂರು ಸೀಮೆಯ ಬಿಳಿಚೋಡಿನವರು. ಚಿಕ್ಕಂದಿನಲ್ಲಿ ಅವರು ಕಂಡ ನೀರೆಂದರೆ ಬಾವಿಯ ತಳದಲ್ಲಿ ಮಿನುಗುತ್ತಿದ್ದಷ್ಟೇ. ಸೂಳೆಕೆರೆಯನ್ನು ಮೊದಲ ಸಲ ಕಂಡಾಗ ಬಸ್ಸಿನಿಂದ ನಡುದಾರಿಯಲ್ಲೇ ಇಳಿದುಬಿಟ್ಟಿದ್ದರಂತೆ. ಅಂಥವರ ಕೈಗೆ ದೋಣಿ ಸಿಕ್ಕರೆ ಬಿಡುತ್ತಾರೆಯೇ? ದನಕ್ಕೆ ಬೇರೆ ಏನಾದರೂ ವ್ಯವಸ್ಥೆ ಮಾಡಿಕೊಟ್ಟರೆ ಒಯ್ಯಬಹುದು ಎಂದು ರೈತರು ಹೇಳಿದ್ದೇ ತಡ, ಇವರಿಗೆ ಬಿಳಿಚೋಡಿನ ಮನೆಯ ಹಿತ್ತಲಲ್ಲಿ ಸುಮ್ಮನೆ ಬಿದ್ದಿದ್ದ ಕಲ್ಲಿನ ಬಾನಿ ನೆನಪಾಯಿತು. ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಗ ನೌಕರಿಗೆ ಸೇರಿದ ಮೇಲೆ ಆ ಮನೆಯಲ್ಲಿ ದನವೂ ಇರಲಿಲ್ಲ.

ಬಾನಿ ಕೊಡಲು ಅತ್ತೆ ಒಪ್ಪಿದರು. ಆದರೆ ಲಾರಿ ಬಂದ ದಿನ, ಬಾನಿಯನ್ನು ಹತ್ತಿಸಿದ ಮೇಲೆ, ಒಂದು ಕೈಚೀಲ ಹಿಡಿದು ತಾವೂ ಹತ್ತಿ ಅದರ ಪಕ್ಕ ಕೂತುಬಿಟ್ಟರು. ತಮ್ಮ ಬಾನಿ ಯಾವುದಕ್ಕೆ ಬದಲಾಗುತ್ತದೆ ಎಂದು ಅವರು ನೋಡಲೇಬೇಕಿತ್ತು. ಕತ್ತಲಗೆರೆಯಲ್ಲಿ ಆ ಗೋದಲಿಯ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ತಟ್ಟಿ, "ಇದಕ್ಕಾ?" ಎಂದಷ್ಟೇ ಕೇಳಿದರಂತೆ. ಆಮೇಲೆ ಅದೇ ಲಾರಿಯಲ್ಲಿ ಹೊನ್ನಾಳಿಗೆ, ನಮ್ಮ ಮನೆಗೆ ಬಂದಿಳಿದರು. ಇದು ಏನಾಗುತ್ತದೋ ನೋಡಿಯೇ ಊರಿಗೆ ಹೋಗುವುದು ಎಂದು ಮಗನಿಗೆ ಹೇಳಿದರು. ಮಗ ಸೋಮವಾರ ಎಂದಿನಂತೆ ಬಸ್ಸು ಹತ್ತಿ ಹೋದರು. ಮನೆಯಲ್ಲಿ ಉಳಿದವರು ಅತ್ತೆ, ನಾನು, ಅಂಗಳದ ತುಂಬ ಆ ದೋಣಿ.

ಅತ್ತೆಗೂ ನನಗೂ ಅಲ್ಲಿಯವರೆಗೆ ಮಾತು ಕಡಿಮೆ. ಅವರ ಮನಸ್ಸಿನಲ್ಲಿ ತಮ್ಮ ತಂಗಿಯ ಮಗಳನ್ನು ತಂದುಕೊಳ್ಳುವ ಆಸೆ ಇತ್ತು. ಮಗ ನ್ಯಾಮತಿಯ ಹುಡುಗಿಯನ್ನು, ಅದರಲ್ಲೂ ಸಂಬಳದ ಕೆಲಸಕ್ಕೆ ಹೋಗುವವಳನ್ನು ಒಪ್ಪಿಕೊಂಡಿದ್ದರು. ಅತ್ತೆ ಜಗಳವಾಡಿದವರಲ್ಲ. ನನ್ನನ್ನು ಟೀಚರಮ್ಮ ಎಂದು ಕರೆಯುತ್ತಿದ್ದರು, ಅಷ್ಟೇ. ಅದನ್ನೂ ನೇರವಾಗಿ ಅಲ್ಲ. ನಾನು ಎದುರಿಗೇ ಇದ್ದರೂ "ಟೀಚರಮ್ಮೋರು ಉಂಡ್ರೇನು, ಕೇಳು" ಎಂದು ಮಗನಿಗೆ ಹೇಳುತ್ತಿದ್ದರು. ಈಗ ಮಗ ಇಲ್ಲ. ಮೊದಲೆರಡು ದಿನ ಗೋಡೆಗೆ ಹೇಳುವ ಹಾಗೆ ಹೇಳಿದರು, ನಾನು ಗೋಡೆಯ ಪರವಾಗಿ ಉತ್ತರ ಕೊಟ್ಟೆ.

ಅಂಗಳದಲ್ಲಿದ್ದುದನ್ನು ನೋಡಲು ಬೀದಿಯವರೆಲ್ಲ ಬಂದುಹೋದರು. ಒಬ್ಬರು ಹಿಟ್ಟು ನಾದುವ ಮರಿಗೆ ಎಂದರು, ಇನ್ನೊಬ್ಬರು ಮುರಿದ ಪಲ್ಲಕ್ಕಿ ಎಂದರು. ದೋಣಿ ಎಂದು ನಾನು ಹೇಳಿದರೆ ನಂಬಲಿಲ್ಲ. ಹೊಳೆಯ ದಂಡೆಯ ಊರು ಅದು, ಅವರಿಗೆ ದೋಣಿ ಎಂದರೆ ಗುಂಡಗಿನ ಹರಿಗೋಲು. ಒಂದು ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ, ಬೂದಿ ಮತ್ತು ತೆಂಗಿನ ಜುಂಗು ಹಿಡಿದು ಅದರೊಳಗೇ ಇಳಿದು ಉಜ್ಜುತ್ತಿದ್ದರು. ವರ್ಷಗಟ್ಟಲೆಯ ಕಲಗಚ್ಚು ಪಾಚಿಯ ಹಾಗೆ ಅಂಟಿತ್ತು. ನಾನೂ ಒಂದು ಬದಿಯಿಂದ ಹಿಡಿದೆ. ಕೊಳೆ ಹೋದ ಹಾಗೆಲ್ಲ ಒಳಗಿನಿಂದ ಎಳೆ ಹಸಿರು ಬಣ್ಣ ಎದ್ದುಬಂತು. ಮುಂದಿನ ಅಡ್ಡಪಟ್ಟಿಯಲ್ಲಿ ಗುಂಡಗಿನ ತೂತು, ಅದರ ನೇರ ಕೆಳಗೆ ತಳದಲ್ಲಿ ಚೌಕದ ಕುಳಿ. ಕಂಬ ನಿಲ್ಲಿಸುವುದು ಅಲ್ಲೇ ಎಂದು ಅತ್ತೆ ಹೇಳಿದರು. ಗೋಡೆಗಲ್ಲ, ನನಗೆ.

ಕೆಲಸಕ್ಕೆ ನ್ಯಾಮತಿಯಿಂದ ಬಡಗಿಯನ್ನು ಕರೆಸಿದೆ. ನಮ್ಮ ತವರುಮನೆಯ ಬಾಗಿಲು, ತೊಟ್ಟಿಲು ಎಲ್ಲ ಮಾಡಿದ ಆಚಾರ್ರು ಅವರು. ಗಾಡಿ, ಕುಂಟೆ ಎಷ್ಟೋ ಮಾಡಿದ್ದರು, ದೋಣಿ ಮುಟ್ಟಿದವರಲ್ಲ. ಉಳಿಯ ಹಿಡಿಯಿಂದ ತಟ್ಟುತ್ತಾ ಹೋಗಿ, ಸದ್ದು ಮಂಕಾದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ತಳದ ಹಲಗೆ ಎರಡು ಕೊಳೆತಿದ್ದವು, ಉಳಿದದ್ದು ಗಟ್ಟಿ. ಹೊಸ ಹಲಗೆ ಕೊಯ್ಯುವುದೇನೋ ಸುಲಭ, ಮೂತಿಯ ಕಡೆಗೆ ಅದನ್ನು ಬಾಗಿಸುವುದು ಹೇಗೆ? ಆಚಾರ್ರು ಬಗ್ಗಿಸಲು ಹೋಗಿ ಒಂದು ಹಲಗೆ ಲಟಕ್ಕೆಂದು ಮುರಿಯಿತು. ಬಿಸಿನೀರಿನಲ್ಲಿ ಬೇಯಿಸಬೇಕು, ಆದರೆ ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ ಎಂದರು.

ನಮ್ಮ ಹಿಂದಿನ ಮನೆಯವರು ಅಡಿಕೆ ವ್ಯಾಪಾರದವರು. ಅವರ ಹಿತ್ತಲಲ್ಲಿ ಹಸಿ ಅಡಿಕೆ ಬೇಯಿಸುವ ದೊಡ್ಡ ತಾಮ್ರದ ಹಂಡೆ ಒಲೆಯ ಮೇಲೇ ಇತ್ತು, ಸುಗ್ಗಿಯೂ ನಡೆಯುತ್ತಿತ್ತು. ನಾನು ಕೇಳಲು ಹಿಂಜರಿಯುತ್ತಿದ್ದಾಗ ಅತ್ತೆಯೇ ಹೋಗಿ ಕೇಳಿದರು. ಆ ಮನೆಯಾಕೆ ನಗುತ್ತಾ ಒಪ್ಪಿದರು. ಅಡಿಕೆ ತೆಗೆದ ಮೇಲೆ ಹಂಡೆಯಲ್ಲಿ ಉಳಿದ ಕೆಂಪು ಚೊಗರಿಗೆ ಇನ್ನಷ್ಟು ನೀರು ಸುರಿದು, ಹಲಗೆಗಳ ಬಾಗಬೇಕಾದ ತುದಿಯನ್ನಷ್ಟೇ ಅದರಲ್ಲಿ ನಿಲ್ಲಿಸಿ, ಗೋಣಿ ಹೊದಿಸಿ ಕುದಿಸಿದೆವು. ಮಧ್ಯಾಹ್ನದ ಹೊತ್ತಿಗೆ ಹಲಗೆ ಮೆತ್ತಗಾಗಿ ಆಚಾರ್ರ ಕೈಯಲ್ಲಿ ಹಸಿ ಬೆತ್ತದಂತೆ ಬಾಗಿತು. ಮೂತಿಯ ಕಡೆಯ ಹಲಗೆಗಳಿಗೆ ಎಲೆ ಅಡಿಕೆ ಹಾಕಿದ ಬಾಯಿಯ ಬಣ್ಣ ಬಂದಿತ್ತು. ಅದಕ್ಕೆ ಬೇರೆ ಬಣ್ಣ ಹೊಡೆಯುವುದು ಬೇಡ ಎಂದು ಎಲ್ಲರೂ ಒಪ್ಪಿದೆವು.

ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ ಮೇಲೆ ರಾಳ ಹಚ್ಚಬೇಕಿತ್ತು. ಇಲ್ಲಿ ಅತ್ತೆಯ ಕಾಲ ಬಂತು. ಜೀವಮಾನವೆಲ್ಲ ದೇವರ ದೀಪಕ್ಕೆ ಬತ್ತಿ ಹೊಸೆದ ಕೈ ಅದು. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಮೊಣಕಾಲಿನ ಮೇಲೆ ಹತ್ತಿ ಹೊಸೆಯುತ್ತಾ ಹೋದರೆ ಬತ್ತಿ ಅಂಗಳದ ಈ ತುದಿಯಿಂದ ಆ ತುದಿಗೆ ಹರಿಯುತ್ತಿತ್ತು. ಎಲ್ಲಿಯೂ ದಪ್ಪವಿಲ್ಲ, ಸಣ್ಣವಿಲ್ಲ. ನಾನು ಅದರ ತುದಿ ಹಿಡಿದು ಸಂದಿಗಿಟ್ಟು ಉಳಿಯಿಂದ ಒತ್ತಬೇಕು. ರಾಳ ಮತ್ತು ಹೊಂಗೆಯೆಣ್ಣೆ ಕಾಯಿಸಿದ ಘಾಟು ನಮ್ಮ ಸೀರೆಗಳಿಗೆ ಹಿಡಿದು, ನನ್ನ ವಿದ್ಯಾರ್ಥಿನಿಯರು ತರಗತಿಯಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಆ ಸಂಜೆಗಳಲ್ಲಿ ಅತ್ತೆ ತಮ್ಮ ಮದುವೆಯ ಕಾಲದ ಸಂಗತಿಗಳನ್ನು ಹೇಳತೊಡಗಿದರು. ತಮ್ಮ ಅತ್ತೆಯೂ ತಮ್ಮನ್ನು ಬಹಳ ದಿನ ಹೆಸರು ಹಿಡಿದು ಕರೆದಿರಲಿಲ್ಲ ಎಂಬುದನ್ನೂ ಹೇಳಿದರು. ಹೇಳಿ, ಇನ್ನೊಂದು ಹಿಡಿ ಹತ್ತಿ ತೆಗೆದುಕೊಂಡರು.

ಕೊನೆಗೆ ತಳದ ಸೀಳು ಉಳಿಯಿತು. ಅದರ ಎರಡೂ ಬದಿಗೆ ಗರಗಸದಿಂದ ಕೊಯ್ದ ಹಲಗೆಯ ಬುಡಗಳಿದ್ದವು. ಹಿಂದೆ ಅಲ್ಲೇನೋ ನಿಂತಿತ್ತು, ದನದ ಮೂತಿಗೆ ಅಡ್ಡವಾಗುತ್ತದೆಂದು ಕೊಯ್ದಿದ್ದರು. ಏನು ನಿಂತಿತ್ತು ಎಂದು ಯಾರಿಗೂ ಹೊಳೆಯಲಿಲ್ಲ.

"ತೂತಿರೋ ದೋಣಿ ಎಲ್ಲಾರ ಕಂಡೀರೇನ್ರಿ?" ಎಂದು ಆಚಾರ್ರು ಕೇಳಿದರು. ಆ ವಾರ ಬಂದಿದ್ದ ನಮ್ಮ ಮನೆಯವರೂ ಮುಚ್ಚುವುದೇ ಸರಿ ಎಂದರು. ಸೀಳಿನ ಮೇಲೆ ಪಟ್ಟಿ ಬಡಿದು ಡಾಂಬರು ಬಳಿದು ಮುಚ್ಚಿದೆವು. ಸರ್ವೆ ಮರದ ಗಳ ಕಂಬವಾಯಿತು. ಹಿಂದೆ ಚುಕ್ಕಾಣಿ ಕೂತಿತು. ಕೋರಾ ಬಟ್ಟೆ ತಂದು ನಾನು ಮೂರು ಮೂಲೆಯ ಹಾಯಿ ಕತ್ತರಿಸಿ, ಅಂಚಿಗೆ ಹಗ್ಗ ಸೇರಿಸಿ ಹೊಲಿದೆ. ನೆಲದ ಮೇಲೆ ಹಾಸಿದರೆ ಒಂದು ಸುಕ್ಕಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು.

ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾದ ಮೇಲೆ ಒಂದು ಭಾನುವಾರ ದೋಣಿಯನ್ನು ತುಂಗಭದ್ರೆಗೆ ಇಳಿಸಿದೆವು. ನನಗೆ ಚೂರುಪಾರು ಈಜು ಬರುತ್ತಿತ್ತು, ಅವರಿಗೆ ಇಲ್ಲವೇ ಇಲ್ಲ. ಅತ್ತೆ ಊರಿನಿಂದ ತರಿಸಿದ ಒಣ ಸೋರೆಬುರುಡೆಗಳನ್ನು ಮಗನ ಸೊಂಟಕ್ಕೆ ಕಟ್ಟಿದರು. ಬುರುಡೆ ಕಟ್ಟಿಕೊಂಡು ಅವರು ದೋಣಿ ಹತ್ತುವುದನ್ನು ನೋಡಲು ಸಾಕಷ್ಟು ಜನ ಸೇರಿದ್ದರು. ಒಂದು ಹನಿ ನೀರು ಒಳಗೆ ಬರಲಿಲ್ಲ. ಹಾಯಿ ಏರಿಸಿದೆವು, ಗಾಳಿ ಹಿಡಿಯಿತು, ದೋಣಿ ಹೊರಟಿತು. ಆದರೆ ಮುಂದಕ್ಕಲ್ಲ, ಏಡಿಯ ಹಾಗೆ ಅಡ್ಡಡ್ಡಕ್ಕೆ. ಚುಕ್ಕಾಣಿ ಎತ್ತ ತಿರುಗಿಸಿದರೂ ಅದರ ದಾರಿ ಅದಕ್ಕೆ. ಹಾಗೇ ಸರಿಯುತ್ತಾ ಸರಿಯುತ್ತಾ ಬಟ್ಟೆ ಒಗೆಯುವವರ ಜಾಗಕ್ಕೆ ಹೋಗಿ, ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಗಳಿಗೆ ನಮ್ಮ ಹಾಯಿ ಸುತ್ತಿಕೊಂಡು ನಿಂತಿತು. ಅವರು ಬೈಯಬೇಕಿತ್ತು, ನಕ್ಕು ನಕ್ಕು ಬೈಯಲಾಗಲಿಲ್ಲ. ನಾವು ಆ ಸೀರೆಗಳನ್ನೆಲ್ಲ ಮತ್ತೆ ಹಿಂಡಿ ಒಣಗಹಾಕಿ ಬಂದೆವು.

ಮುಂದಿನ ಭಾನುವಾರವೂ ಅದೇ ಕತೆ. ನಮ್ಮ ಮನೆಯವರು ಕೂರಲು ಮನೆಯಿಂದ ಒಂದು ಊಟದ ಮಣೆ ತಂದಿದ್ದರು. ದೋಣಿ ಮತ್ತೆ ಬಟ್ಟೆ ಒಗೆಯುವವರ ಕಡೆಗೇ ಸರಿಯುತ್ತಿರುವುದನ್ನು ಕಂಡು, ಬೇರೇನೂ ತೋಚದೆ, ಆ ಮಣೆಯನ್ನು ದೋಣಿಯ ಬದಿಗೆ ಒತ್ತಿ ಹಿಡಿದು ನೀರಿನೊಳಗೆ ನೆಟ್ಟಗೆ ಇಳಿಸಿದರು. ಸರಿಯುವುದು ಕಡಿಮೆಯಾಯಿತು. ಹೋಗಲೋ ಬೇಡವೋ ಎಂಬಂತೆ ದೋಣಿ ಮೂತಿಯ ಕಡೆಗೆ ಹೊರಟಿತು. ಮಣೆ ಎತ್ತಿದರೆ ಮತ್ತೆ ಅಡ್ಡಕ್ಕೆ, ಇಳಿಸಿದರೆ ಮುಂದಕ್ಕೆ. ಇಬ್ಬರೂ ಒಟ್ಟಿಗೇ ತಳದ ಪಟ್ಟಿಯ ಕಡೆ ನೋಡಿದೆವು. ಆ ಸೀಳು ಇದ್ದುದೇ ಇಂಥ ಹಲಗೆಯೊಂದನ್ನು ನೀರಿಗೆ ಇಳಿಸಲು. ಗುಂಡಿ ಯಾವುದೆಂದು ತಿಳಿಯದೆ ನಾವು ಕಾಜವನ್ನೇ ಹೊಲಿದು ಮುಚ್ಚಿದ್ದೆವು.

ಆಚಾರ್ರು ಮತ್ತೆ ಬಂದರು. ಅವರ ನಗುವೂ ನಿಲ್ಲಲಿಲ್ಲ. ಬಡಿದ ಪಟ್ಟಿ ತೆಗೆದು, ಸೀಳಿನ ಸುತ್ತ ಎತ್ತರದ ಪೆಟ್ಟಿಗೆ ಕಟ್ಟಿದರು, ನೀರು ಬಂದರೂ ಅದರೊಳಗೇ ನಿಲ್ಲುವ ಹಾಗೆ. ಆ ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಆಡುವ ತೇಗದ ಹಲಗೆಯೊಂದನ್ನು ಕೂರಿಸಿದರು. ಕೊಯ್ದ ಬುಡಗಳ ಮೇಲೇ ಹೊಸ ಪೆಟ್ಟಿಗೆ ಸರಿಯಾಗಿ ಕೂತಾಗ, ಇಷ್ಟು ದಿನ ನಾವು ಸರಿಮಾಡುತ್ತಿದ್ದುದು ಏನೆಂದು ನಮಗೆ ಪೂರ್ತಿ ತಿಳಿದಿದ್ದು ಆಗಲೇ.

ಇನ್ನೊಂದು ತೊಂದರೆ ಇತ್ತು, ಅದು ನನ್ನದು. ಹಾಯಿ ಗಾಳಿಗೆ ಬರೀ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆನ್ನ ಹಿಂದಿನ ಗಾಳಿಗೆ ಪರವಾಗಿಲ್ಲ, ಗಾಳಿ ಬದಿಗೆ ಬಂದರೆ ಬಲವೇ ಇಲ್ಲ. ಹೊಲಿಗೆ ಇಷ್ಟು ನೀಟಾಗಿದೆ, ಒಂದು ಸುಕ್ಕಿಲ್ಲ, ಇನ್ನೇನು ಬೇಕು ಇದಕ್ಕೆ ಎಂದು ನಾನು ಅಂಗಳದಲ್ಲಿ ಅದನ್ನು ಹಾಸಿಕೊಂಡು ಗೊಣಗುತ್ತಿದ್ದೆ. ಅತ್ತೆ ಕಾಳು ಹಸನು ಮಾಡುತ್ತಾ ಕೂತಿದ್ದರು.

"ನನ್ನ ಕುಪ್ಪಸಾನ ಹಿಂಗೇ ಚಾಪೆ ಹಾಸಿದಂಗೆ ಹೊಲಿದ್ರೆ, ನಾನು ತೊಡಾಕೆ ಆಗುತ್ತಾ?" ಎಂದರು.

ನಾನು ಕತ್ತರಿ ಕೆಳಗಿಟ್ಟೆ. ದಿನ ಬೆಳಗಾದರೆ ನಾನು ಹುಡುಗಿಯರಿಗೆ ಹೇಳಿಕೊಡುತ್ತಿದ್ದುದೇ ಅದು. ಬಟ್ಟೆ ಚಪ್ಪಟೆ, ಮೈ ಗುಂಡಗೆ, ಆದ್ದರಿಂದ ಅಲ್ಲಲ್ಲಿ ಬಟ್ಟೆ ಮಡಿಸಿ ಚಿಮಟಿ ಹಿಡಿಯಬೇಕು, ಅಂಚನ್ನು ಬಾಗಿಸಿ ಕತ್ತರಿಸಬೇಕು. ಗಾಳಿಗೂ ಒಂದು ಮೈ ಇರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಹಾಯಿಯನ್ನು ಪೂರ್ತಿ ಬಿಚ್ಚಿದೆ. ಕಂಬದ ಕಡೆಯ ಅಂಚನ್ನು ಹೊರಕ್ಕೆ ಬಾಗಿಸಿ ಕತ್ತರಿಸಿದೆ. ಪಟ್ಟಿಗಳನ್ನು ಸೇರಿಸುವಾಗ ತುದಿಗಳ ಕಡೆ ಹೆಚ್ಚು ಬಟ್ಟೆ ಒಳಕ್ಕೆ ಹಿಡಿದು, ನಡುವೆ ಕಡಿಮೆ ಹಿಡಿದೆ. ಯಂತ್ರದಡಿ ಅಷ್ಟು ಬಟ್ಟೆ ಸರಿಯುತ್ತಿರಲಿಲ್ಲ, ಅತ್ತೆ ಎದುರಿಗೆ ನಿಂತು ಎಳೆದುಕೊಳ್ಳುತ್ತಿದ್ದರು. ಹೊಲಿದು ಮುಗಿಸಿ ನೆಲಕ್ಕೆ ಹಾಸಿದರೆ ಈಗ ಹಾಯಿ ಸಮನಾಗಿ ಮಲಗಲೇ ಇಲ್ಲ, ನಡುವೆ ಬುಸ್ಸೆಂದು ಉಬ್ಬಿತ್ತು. ಸರಿಯಾಗಿದೆ ಎಂದು ಇಬ್ಬರಿಗೂ ಅನ್ನಿಸಿತು.

ಹೊಳೆ ಸಾಕು, ಇದನ್ನು ಇದರ ಕೆರೆಗೇ ಒಯ್ಯೋಣ ಎಂದರು ನಮ್ಮ ಮನೆಯವರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ದೋಣಿಯನ್ನು ಸೂಳೆಕೆರೆಗೆ ಸಾಗಿಸಿದೆವು. ಕತ್ತಲಗೆರೆಯ ರೈತರು ಮನೆಯವರನ್ನೆಲ್ಲ ಕರೆದುಕೊಂಡು ದಡಕ್ಕೆ ಬಂದಿದ್ದರು. ಕೆರೆ ತುಂಬಿತ್ತು, ಗುಡ್ಡಗಳ ನಡುವಿನಿಂದ ಒಂದೇ ಸಮನೆ ಗಾಳಿ ಬರುತ್ತಿತ್ತು. ಅತ್ತೆ ದಡದಲ್ಲೇ ನಿಂತಿರುತ್ತಾರೆ ಎಂದುಕೊಂಡಿದ್ದೆವು. ಅವರು ಚಪ್ಪಲಿ ಬಿಟ್ಟು, ಇನ್ನೆರಡು ಸೋರೆಬುರುಡೆ ಕಟ್ಟಿಕೊಂಡು ನಡೆದು ಬಂದು ಹಿಂದೆ ಕೂತರು. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ನೂಕಿದರೆ ದೋಣಿ ಎಡಕ್ಕೆ ಹೋಗುತ್ತದೆ, ಇದು ನಮ್ಮ ಮನೆಯವರಿಗೆ ಪ್ರತಿ ಸಲವೂ ಗೊಂದಲ. ಅತ್ತೆ ಸ್ವಲ್ಪ ಹೊತ್ತು ನೋಡಿ ಮಗನ ಕೈಯಿಂದ ಅದನ್ನು ತೆಗೆದುಕೊಂಡರು. ಮಾವನವರಿಲ್ಲದ ಎಷ್ಟೋ ವರ್ಷ ಗಾಡಿ ಹೊಡೆದವರು ಅವರು, ಎಳೆಯುವುದು ಎಷ್ಟು, ಬಿಡುವುದು ಎಷ್ಟು ಎಂದು ಕೈಗೆ ಗೊತ್ತಿತ್ತು.

ಹಾಯಿ ತುಂಬಿತು. ನಾನು ಕತ್ತರಿಸಿದ ಆ ಉಬ್ಬಿನೊಳಗೆ ಗಾಳಿ ಬಂದು ಕೂತದ್ದು ಹಗ್ಗ ಹಿಡಿದ ನನ್ನ ಅಂಗೈಗೆ ತಿಳಿಯಿತು. ದೋಣಿ ಒಂದು ಬದಿಗೆ ವಾಲಿ, ಸುಯ್ಯೆಂದು ಮುಂದೆ ಓಡಿತು. ಯಾರೂ ಹುಟ್ಟು ಹಾಕುತ್ತಿಲ್ಲ, ಯಾವ ಸದ್ದೂ ಇಲ್ಲ, ಮೂತಿಯ ಕೆಳಗೆ ನೀರು ಸೀಳುವ ಸದ್ದೊಂದೇ. ನಮ್ಮ ಮನೆಯವರು ಮಗುವಿನ ಹಾಗೆ ನಗುತ್ತಿದ್ದರು. ಅತ್ತೆ ನಗಲಿಲ್ಲ. ಸುತ್ತ ಕಣ್ಣು ಹಾಯುವವರೆಗೆ ನೀರು ನೋಡಿದರು, ಒಂದು ಕೈ ಇಳಿಬಿಟ್ಟು ಬೊಗಸೆ ತುಂಬಿಕೊಂಡರು, ಮುಖಕ್ಕೆ ಹಚ್ಚಿಕೊಂಡರು. ಅಷ್ಟರಲ್ಲಿ ಗಾಳಿ ಜೋರಾಗಿ ಬೀಸಿ ದೋಣಿ ಇನ್ನಷ್ಟು ವಾಲಿತು.

"ಹಗ್ಗ ಸ್ವಲ್ಪ ಸಡ್ಲ ಬಿಡವ್ವಾ" ಎಂದರು ಅತ್ತೆ.

ನಾನು ಬಿಟ್ಟೆ. ದೋಣಿ ನೆಟ್ಟಗಾಯಿತು. ಅವ್ವಾ ಎಂದದ್ದು ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ, ಅವರ ಕಣ್ಣು ಹಾಯಿಯ ಮೇಲಿತ್ತು. ನನಗಂತೂ ಆ ದಿನ ಮತ್ತೆ ದಡಕ್ಕೆ ಬರುವವರೆಗೂ ಬೇರೇನೂ ಕೇಳಿಸಲಿಲ್ಲ. ಅಂದಿನಿಂದ ಟೀಚರಮ್ಮ ಎಂಬ ಮಾತು ನಮ್ಮ ಮನೆಯಲ್ಲಿ ಇಲ್ಲವಾಯಿತು.

ಅತ್ತೆ ಊರಿಗೆ ಹೋಗುವ ಮಾತು ಮುಂದೆ ಹೋಗುತ್ತಲೇ ಇತ್ತು. ಹೋದರೂ ಕೆರೆ ತುಂಬುವ ಹೊತ್ತಿಗೆ ಹಾಜರಾಗುತ್ತಿದ್ದರು. ಕೆಲವು ವರ್ಷ ಭಾನುವಾರಗಳೆಂದರೆ ನಮಗೆ ರೊಟ್ಟಿ ಬುತ್ತಿ ಮತ್ತು ಸೂಳೆಕೆರೆ. ನಲ್ಲೂರಿನ ಕಡೆಯಿಂದ ಬರುವ ಬಸ್ಸಿನವರು ನಮ್ಮ ಹಾಯಿ ಕಂಡರೆ ಹಾರನ್ ಹೊಡೆಯುತ್ತಿದ್ದರು. ಮಗಳು ಹುಟ್ಟಿದ ಮೇಲೆ ಅವಳನ್ನೂ ಅಜ್ಜಿಯ ಮಡಿಲಲ್ಲಿ ಕೂರಿಸಿಕೊಂಡು ಹೋಗಿದ್ದೇವೆ.

ಎಂಬತ್ತರ ದಶಕದ ನಡುವೆ ನಮ್ಮ ಮನೆಯವರಿಗೆ ಜಗಳೂರಿಗೆ ವರ್ಗವಾಯಿತು, ಹೇಗೋ ನನಗೂ ಅಲ್ಲೇ ಕೆಲಸ ಸಿಕ್ಕಿತು. ಕೊನೆಗೂ ಎಲ್ಲರೂ ಒಂದೇ ಸೂರಿನಡಿ. ದೋಣಿಯನ್ನು ಒಯ್ಯುವ ಪ್ರಶ್ನೆಯೇ ಇರಲಿಲ್ಲ. ಚನ್ನಗಿರಿಯ ಹೈಸ್ಕೂಲಿನ ಮೇಷ್ಟ್ರೊಬ್ಬರು ಅದನ್ನು ಬಹಳ ದಿನದಿಂದ ದಡದಲ್ಲಿ ನಿಂತು ನೋಡುತ್ತಿದ್ದರು, ನಾವೇ ಕರೆದು ನಾಲ್ಕಾರು ಸಲ ಹತ್ತಿಸಿಕೊಂಡಿದ್ದೆವು. ಅವರಿಗೇ ಕೊಡುವುದೆಂದು ನಿಶ್ಚಯಿಸಿದೆವು. ಅತ್ತೆ ಮಾತ್ರ ಮೇಷ್ಟ್ರು ಒಬ್ಬರೇ ಅದನ್ನು ಆಚೆಗೆ ಒಯ್ದು ವಾಪಸು ತರುವುದನ್ನು ನೋಡದೆ ಒಪ್ಪುವುದಿಲ್ಲ ಎಂದರು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಹೊರಟರು. ಹೋಗುವಾಗ ಚೆನ್ನಾಗಿಯೇ ಹೋದರು, ಬರುವಾಗ ಎದುರುಗಾಳಿ. ಹಾವು ಹರಿದ ಹಾಗೆ ಆಚೆ ಒಮ್ಮೆ ಈಚೆ ಒಮ್ಮೆ ತಿರುಗಿಸುತ್ತಾ ಬರಬೇಕು. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾ, ಪ್ರತಿ ತಿರುವಿಗೂ ತಮ್ಮ ಭುಜವನ್ನೂ ಆ ಕಡೆಗೇ ವಾಲಿಸುತ್ತಿದ್ದರು. ಮೇಷ್ಟ್ರು ಬೆವರಿಳಿಸಿಕೊಂಡು ದಡ ಮುಟ್ಟಿದಾಗ ಅವರ ಮುಖದಲ್ಲಿ ಪರೀಕ್ಷೆ ಬರೆದವರ ಕಳೆಯಿತ್ತು.

ಅತ್ತೆ ಹಾಯಿಯ ಹಗ್ಗವನ್ನು ಅವರ ಕೈಗೆ ಕೊಟ್ಟು, ಬೇಸಿಗೆಯಲ್ಲಿ ಬಿಸಿಲಿಗೆ ಬಿಡಬೇಡಿ, ನೆರಳಲ್ಲಿ ಮಗುಚಿ ಹಾಕಿ ಒದ್ದೆ ಗೋಣಿ ಹೊದಿಸಿಡಿ ಎಂದು ಹೇಳಿದರು. ಸಂದಿ ಬಿಟ್ಟರೆ ಯಾರ ಕೈಯಲ್ಲಾದರೂ ಹೇಳಿ ಕಳಿಸಿ, ಬತ್ತಿ ಹೊಸೆದುಕೊಂಡು ನಾನೇ ಬರುತ್ತೇನೆ ಎಂದೂ ಸೇರಿಸಿದರು. ಮೇಷ್ಟ್ರು ತಲೆಯಾಡಿಸಿದರು. ನಾವು ಮಗಳ ಕೈ ಹಿಡಿದುಕೊಂಡು ಕೆರೆಯ ಏರಿ ಹತ್ತಿ ಬಸ್ಸಿಗೆ ನಿಂತೆವು. ಅತ್ತೆ ಕೆರೆಯ ಕಡೆ ಕೈ ಮಾಡಿ, ಮೇಷ್ಟ್ರು ಮತ್ತೆ ಹಾಯಿ ಏರಿಸುತ್ತಿರುವುದನ್ನು ಮೊಮ್ಮಗಳಿಗೆ ತೋರಿಸಿದರು.